ಗಂಧದ ಬಣ್ಣ ತೋರಿಸುವ ಮಾನಿಟರ್ ಹುಡುಕಿದ್ದು

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಊದುಬತ್ತಿ ಡಬ್ಬಿ ಇದೆ. ಒಳಗೆ ಬತ್ತಿ ಇಲ್ಲ, ಬರೀ ಕಾರ್ಟನ್. ಹೋದ ವರ್ಷ ದಸರಾಕ್ಕೆ ಮುಂಚೆ ನಾನೇ ಡಿಸೈನ್ ಮಾಡಿದ್ದು. ಅದರ ಮೈಯೆಲ್ಲ ಗಂಧದ ಬಣ್ಣ ಬರಬೇಕಿತ್ತು. ನನ್ನ ಸ್ಕ್ರೀನ್ ಮೇಲೆ ಗಂಧದ ಬಣ್ಣವೇ ಇತ್ತು. ಅಚ್ಚಾಗಿ ಬಂದ ದಿನ ಮಾಲೀಕರು ಒಂದು ಡಬ್ಬಿ ತೆಗೆದುಕೊಂಡು ಕಿಟಕಿ ಹತ್ತಿರ ಹೋದರು. ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಏನಮ್ಮಾ, ಗಂಧ ಅಂದ್ರೆ ಇಟ್ಟಿಗೆ ಬಣ್ಣ ಬಂದಿದೆಯಲ್ಲ" ಅಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ಒಟ್ಟು 5000 ಕಾರ್ಟನ್. ಹಬ್ಬ ಹತ್ತಿರ ಬಂದಿತ್ತು, ಬೇರೆ ದಾರಿ ಇರಲಿಲ್ಲ, ಅವನ್ನೇ ಅಂಗಡಿಗಳಿಗೆ ಕಳಿಸಿದರು. ನನ್ನ ಡಿಸೈನ್ ದುಡ್ಡಿನಲ್ಲಿ ಅರ್ಧ ನಾನೇ ಬೇಡ ಅಂದೆ.

ನಾನಿರುವುದು ಮೈಸೂರಿನಲ್ಲಿ. ಮನೆಯಲ್ಲೇ ಕೂತು ಊದುಬತ್ತಿ ಕಾರ್ಟನ್, ಪುಸ್ತಕದ ಮುಖಪುಟ, ಮದುವೆ ಪತ್ರಿಕೆ ಮಾಡುತ್ತೇನೆ. ಹತ್ತರಲ್ಲಿ ಒಂಬತ್ತು ಕೆಲಸ ಕೊನೆಗೆ ಕಾಗದದ ಮೇಲೆ ಹೋಗಿ ಕೂರುತ್ತವೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ವಿಡಿಯೋ ಮಾಡುವವರಿಗೆ, ಬರೀ ಮೊಬೈಲ್‌ಗೆ ಪೋಸ್ಟರ್ ಮಾಡುವವರಿಗೆ ಬೇಕಾದ ಮಾನಿಟರ್ ಬೇರೆ ಇರಬಹುದು. ನಾನು ಬರೆಯುತ್ತಿರುವುದು ಅಚ್ಚಿನ ಕೆಲಸ ಮಾಡುವವರಿಗೆ.

ಮೊದಲು ನನಗೆ ಅನುಮಾನ ಬಂದಿದ್ದು ಪ್ರೆಸ್ ಮೇಲೆ. ಹೋಗಿ ಕೇಳಿದೆ. ಮಿಷನ್ ನೋಡಿಕೊಳ್ಳುವವರು ಶೀಟ್ ಹಾಸಿ, ಅದರ ಮೇಲೆ ಲೆನ್ಸ್ ಇಟ್ಟು ನನ್ನನ್ನೇ ನೋಡಲು ಹೇಳಿದರು. ಕಣ್ಣಿಟ್ಟರೆ ಹಳದಿ ಚುಕ್ಕಿಗಳ ನಡುವೆ ಮಜೆಂಟಾ, ಅಂದರೆ ಕಡು ಗುಲಾಬಿ ಇಂಕಿನ ಚುಕ್ಕಿಗಳು ತುಂಬಿಕೊಂಡಿದ್ದವು. "ಫೈಲ್‌ನಲ್ಲಿ ಎಷ್ಟಿದೆಯೋ ಅಷ್ಟೇ ಬಿದ್ದಿದೆ ಮೇಡಂ" ಅಂದರು. ಮನೆಗೆ ಬಂದು ಫೈಲ್ ತೆಗೆದೆ. ಅವರು ಹೇಳಿದ್ದು ನಿಜ. ಶುರುವಿನಲ್ಲಿ ನಾನು ಹಾಕಿದ್ದ ಮಜೆಂಟಾ ಶೇ 22. ಸ್ಕ್ರೀನ್ ಮೇಲೆ ಪೇಲವವಾಗಿ ಕಾಣುತ್ತಿದೆ ಅಂತ ಒಂದು ಸಲ 28 ಮಾಡಿದ್ದೆ. ಆಮೇಲೆ 32. ಕೊನೆಗೆ 36. ಮೂರು ಸಲವೂ ಸ್ಕ್ರೀನ್ ಹೇಳಿದ ಹಾಗೆ ಕೇಳಿದ್ದೆ.

ಆವತ್ತು ರಾತ್ರಿ ಒಂದು ಪರೀಕ್ಷೆ ಮಾಡಿದೆ. ನೀವೂ ಮಾಡಿ ನೋಡಬಹುದು, ಖರ್ಚಿಲ್ಲ. ಗಂಧದ ಬಣ್ಣದ ಒಂದು ಸಣ್ಣ ಚೌಕ ಮಾಡಿ ಸ್ಕ್ರೀನಿನ ಮೇಲಿನ ಅಂಚಿನಲ್ಲಿಟ್ಟೆ. ಮೌಸ್ ಹಿಡಿದು ನಿಧಾನಕ್ಕೆ ಕೆಳಗೆ ಎಳೆದೆ. ಮೇಲೆ ಗಾಢವಾಗಿದ್ದ ಬಣ್ಣ ಕೆಳಗೆ ಬರುತ್ತ ಬರುತ್ತ ತೆಳುವಾಯಿತು. ಒಂದೇ ಚೌಕ, ಒಂದೇ ಬಣ್ಣ. ತಲೆ ಸ್ವಲ್ಪ ಬಗ್ಗಿಸಿದರೆ ಮತ್ತೆ ಬೇರೆ. ನನ್ನದು 21.5 ಇಂಚಿನ, ಎಂಟು ವರ್ಷ ಹಳೆಯ ಮಾನಿಟರ್, ಒಳಗಿನ ಪರದೆ ಟಿಎನ್ ಅನ್ನುವ ಅಗ್ಗದ ಜಾತಿಯ ಪ್ಯಾನೆಲ್. ಆ ಜಾತಿಯ ಪ್ಯಾನೆಲ್‌ನ ಗುಣವೇ ಅದು. ನೋಡುವ ಕೋನ ಬದಲಾದರೆ, ಅದರಲ್ಲೂ ಮೇಲೆ ಕೆಳಗೆ ಆದರೆ, ಬಣ್ಣವೂ ಬದಲಾಗುತ್ತದೆ. ಜೊತೆಗೆ ಅದರ ಬಿಳಿ ನೀಲಿ ಕಡೆಗೆ ವಾಲಿತ್ತು. ನೀಲಿ ಹೊದ್ದ ಸ್ಕ್ರೀನ್ ಮೇಲೆ ಗಂಧ ಸಪ್ಪೆಯಾಗಿ ಕಾಣದೆ ಇನ್ನೇನು? ನಾನು ಮಜೆಂಟಾ ಸುರಿಯುತ್ತಾ ಹೋದೆ.

ಇನ್ನೊಂದು ವಿಷಯ ಆವತ್ತು ನನ್ನ ಕಣ್ಣು ತೆರೆಸಿತು. ಅಮ್ಮ ದಿನಾ ಬೆಳಗ್ಗೆ ಪೂಜೆಗೆ ಸಾಣೆಕಲ್ಲಿನ ಮೇಲೆ ಗಂಧ ತೇಯುತ್ತಾರೆ. "ಗಂಧದ ಬಣ್ಣ ಅಂತ ಒದ್ದಾಡ್ತೀಯಲ್ಲ, ಇಲ್ಲಿ ಬಂದು ನೋಡು" ಅಂತ ಕರೆದರು. ಬೆರಳಲ್ಲಿ ತೆಗೆದು ಒಂದು ಬಿಳಿ ಕಾಗದದ ಮೇಲೆ ಸವರಿದರು. ಒದ್ದೆಯಾಗಿದ್ದಾಗ ಹಳದಿ ಮಿಶ್ರಿತ ಕಂದು. ಅರ್ಧ ಗಂಟೆಯಲ್ಲಿ ಒಣಗಿ ಕೆನೆಯ ಹಾಗೆ ತಿಳಿಯಾಯಿತು. ಇಷ್ಟು ವರ್ಷ ಗಂಧದ ಬಣ್ಣ ಅಂತ ಕಾರ್ಟನ್ ಮಾಡಿದ್ದೇನೆ, ಗಂಧವನ್ನೇ ಕಾಗದದ ಮೇಲಿಟ್ಟು ನೋಡಿರಲಿಲ್ಲ. ಆ ಕಾಗದ ಎತ್ತಿಟ್ಟುಕೊಂಡೆ. ಮಾನಿಟರ್ ತರಲು ಹೋಗುವಾಗ ನನ್ನ ಬ್ಯಾಗ್‌ನಲ್ಲಿ ಮೂರು ವಸ್ತು ಇದ್ದವು: ಇಟ್ಟಿಗೆ ಬಣ್ಣದ ಡಬ್ಬಿ, ಗಂಧ ಸವರಿದ ಕಾಗದ, ಒಂದು ಪೆನ್‌ಡ್ರೈವ್.

ಹೋಗುವ ಮುಂಚೆ ಒಂದು ತಿಂಗಳು ಓದಿದೆ. ಮಾನಿಟರ್ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಬಹಳಷ್ಟು ನಮಗೆ ಬೇಡದ್ದೇ. 144 ಹರ್ಟ್ಸ್, 165 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಾಗುವುದು, ಗೇಮ್ ಆಡುವವರಿಗೆ. ನಮ್ಮ ಕಾರ್ಟನ್ ಎಲ್ಲಿಗೂ ಓಡುವುದಿಲ್ಲ, ನಮಗೆ 60 ಸಾಕು. ಎಚ್‌ಡಿಆರ್ 400 ಅನ್ನುವ ಸ್ಟಿಕ್ಕರ್ ಕೂಡ ಅಷ್ಟೇ, ಅದು ಹೆಚ್ಚು ಹೊಳಪಿನ ವಿಡಿಯೋ ನೋಡುವವರಿಗೆ. ಆ 400 ಸ್ಕ್ರೀನಿನ ಬೆಳಕಿನ ಅಳತೆ, ನಿಟ್ ಲೆಕ್ಕದಲ್ಲಿ. ಅಚ್ಚಿನ ಕೆಲಸಕ್ಕೆ 100ರಿಂದ 120ರ ಒಳಗೆ ಇಟ್ಟುಕೊಂಡು ಕೂರುವವರು ನಾವು. ಬಾಗಿದ ಸ್ಕ್ರೀನ್ ಅಂತೂ ಬೇಡವೇ ಬೇಡ. ಲೇಔಟ್‌ನಲ್ಲಿ ಒಂದು ಗೆರೆ ನೇರ ಇದೆಯೋ ಇಲ್ಲವೋ ಅಂತ ಕಣ್ಣಿಗೇ ಗೊತ್ತಾಗಬೇಕು.

ನೋಡಬೇಕಾದ್ದು ಸಣ್ಣ ಅಕ್ಷರದಲ್ಲಿರುತ್ತದೆ. ಮೊದಲು ಪ್ಯಾನೆಲ್. ಐಪಿಎಸ್ ಇರಲಿ. ಪಕ್ಕದಿಂದ, ಮೇಲಿಂದ ನೋಡಿದರೂ ಬಣ್ಣ ಹೆಚ್ಚು ಕದಲುವುದಿಲ್ಲ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಸಿನಿಮಾ ನೋಡಲು ಚಂದ, ಆದರೆ ಪಕ್ಕಕ್ಕೆ ಸರಿದರೆ ಬಣ್ಣ ತೆಳುವಾಗುತ್ತದೆ. ಆಮೇಲೆ ಬಣ್ಣದ ಹರವು, ಅಂದರೆ ಸ್ಕ್ರೀನ್ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವುದು. ಎಸ್‌ಆರ್‌ಜಿಬಿ ಅನ್ನುವುದು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಅಳತೆ. ಇವತ್ತಿಗೂ ವೆಬ್‌ಸೈಟ್‌ಗಳಿಗೆ ಅದೇ ತಳಹದಿ. ಮಾನಿಟರ್ ಅದನ್ನು ಶೇ 100 ಮುಟ್ಟಬೇಕು. ಕೆಲವು ಕಡೆ ಎನ್‌ಟಿಎಸ್‌ಸಿ ಅನ್ನುವ ಹಳೆಯ ಟಿವಿ ಅಳತೆಯಲ್ಲಿ ಶೇ 45 ಎನ್‌ಟಿಎಸ್‌ಸಿ ಅಂತ ಬರೆದಿರುತ್ತಾರೆ. ಅದು ಎಸ್‌ಆರ್‌ಜಿಬಿಯ ಮೂರನೇ ಎರಡರಷ್ಟೂ ಬರುವುದು ಕಷ್ಟ. ಶೇ 72 ಎನ್‌ಟಿಎಸ್‌ಸಿ ಅಂದರೆ ಮಾತ್ರ ಹೆಚ್ಚುಕಡಿಮೆ ಎಸ್‌ಆರ್‌ಜಿಬಿಯಷ್ಟು. ಈ ಒಂದು ಸಾಲು ಗೊತ್ತಿಲ್ಲದೆ ಕೊಂಡವರು ಎಷ್ಟೋ ಜನ ಇದ್ದಾರೆ.

ಹರವು ಇದ್ದರೆ ಸಾಲದು, ಅದು ಸರಿಯಾಗಿಯೂ ಇರಬೇಕು. ಅದಕ್ಕೆ ಡೆಲ್ಟಾ ಇ ಅನ್ನುವ ಲೆಕ್ಕ. ಇರಬೇಕಾದ ಬಣ್ಣಕ್ಕೂ ಸ್ಕ್ರೀನ್ ತೋರಿಸುವ ಬಣ್ಣಕ್ಕೂ ನಡುವಿನ ದೂರ ಅದು. 2ಕ್ಕಿಂತ ಕಡಿಮೆ ಇದ್ದರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಡಿಸೈನ್‌ಗೆ ಅಂತಲೇ ಮಾಡಿದ ಮಾನಿಟರ್‌ಗಳಲ್ಲಿ ಇದನ್ನು ಫ್ಯಾಕ್ಟರಿಯಲ್ಲೇ ಅಳೆದು, ಆ ರಿಪೋರ್ಟನ್ನು ಪೆಟ್ಟಿಗೆಯಲ್ಲಿ ಇಟ್ಟು ಕಳಿಸುತ್ತಾರೆ.

ಅಡೋಬ್ ಆರ್‌ಜಿಬಿ ಮಾನಿಟರ್ ಬೇಕಾ ಅಂತ ಬಹಳ ಯೋಚಿಸಿದೆ. 1998ರಲ್ಲಿ ಬಂದ ಆ ಹರವು ಎಸ್‌ಆರ್‌ಜಿಬಿಗಿಂತ ದೊಡ್ಡದು. ಅಚ್ಚಿನ ಸಯಾನ್ (ಹಸಿರು ಮಿಶ್ರಿತ ನೀಲಿ) ಇಂಕಿನ ಕೆಲವು ಬಣ್ಣ ಎಸ್‌ಆರ್‌ಜಿಬಿಗೆ ಸಿಕ್ಕುವುದಿಲ್ಲ, ಅಡೋಬ್ ಆರ್‌ಜಿಬಿಗೆ ಸಿಕ್ಕುತ್ತವೆ. ಬೆನ್‌ಕ್ಯೂನ ಎಸ್‌ಡಬ್ಲ್ಯೂ270ಸಿ ಅದರ ಶೇ 99ರಷ್ಟು ತೋರಿಸುತ್ತದೆ. ಕಾಡು, ಕಡಲಿನ ಫೋಟೋ ಅಚ್ಚು ಹಾಕಿಸುವವರಿಗೆ ಅದು ಬೇಕು. ನನ್ನ ಕೆಲಸದಲ್ಲಿ ಬರುವುದು ಗಂಧ, ಮರೂನ್, ಅರಿಶಿನ, ಕುಂಕುಮ. ಇದಲ್ಲದೆ ಹರವು ದೊಡ್ಡದಾದರೆ, ಬಣ್ಣದ ಪ್ರೊಫೈಲ್ (ಯಾವ ಬಣ್ಣ ಹೇಗೆ ಕಾಣಬೇಕು ಅಂತ ಹೇಳುವ ಫೈಲ್) ಅರ್ಥವಾಗದ ಸಾಫ್ಟ್‌ವೇರ್‌ಗಳಲ್ಲಿ ಎಲ್ಲವೂ ಕಣ್ಣು ಕುಕ್ಕುವ ಹಾಗೆ ಕಾಣುತ್ತದೆ. ಬೆಲೆಯೂ ಜಾಸ್ತಿ. ಬೇಡ ಅಂದುಕೊಂಡೆ.

ಸೈಜ್ ವಿಷಯದಲ್ಲಿ ಮಾತ್ರ ಟೇಪ್ ಹಿಡಿದೇ ತೀರ್ಮಾನ ಮಾಡಿದೆ. ಎ3 ಕಾಗದ 420 ಮಿಲಿಮೀಟರ್ ಅಗಲ, 297 ಎತ್ತರ. ನನ್ನ ಹಳೆಯ ಸ್ಕ್ರೀನಿನ ಎತ್ತರ ಸುಮಾರು 268. ಅಂದರೆ ಎ3 ಶೀಟು ನಿಜವಾದ ಅಳತೆಯಲ್ಲಿ ಅದರೊಳಗೆ ಹಿಡಿಸುವುದೇ ಇಲ್ಲ. 27 ಇಂಚಿನದು ಸುಮಾರು 597 ಅಗಲ, 336 ಎತ್ತರ. ಎ3 ಪೂರ್ತಿ ಕೂತು, ಪಕ್ಕದಲ್ಲಿ ಟೂಲ್‌ಗಳಿಗೂ ಒಂದು ಗೇಣು ಜಾಗ ಉಳಿಯುತ್ತದೆ. ಬಿಚ್ಚಿದ ಕಾರ್ಟನ್ನಿನ ನಕ್ಷೆಯನ್ನು ನಿಜ ಅಳತೆಯಲ್ಲಿ ಇಟ್ಟು, ಕೈಯಲ್ಲಿರುವ ಕಾರ್ಟನ್ನನ್ನು ಸ್ಕ್ರೀನಿಗೇ ಹಿಡಿದು ನೋಡಬಹುದು. ನನಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಸ್ಕ್ರೀನಿನಲ್ಲಿ ಎಷ್ಟು ಪಿಕ್ಸೆಲ್ (ಚುಕ್ಕಿ) ಇರಬೇಕು? 4ಕೆ, ಅಂದರೆ 3840 x 2160 ಬೇಕಾ, 2560 x 1440 ಸಾಕಾ? ಇಲ್ಲಿ ಕನ್ನಡದ ಪ್ರಶ್ನೆ ಬರುತ್ತದೆ. ಇಂಗ್ಲಿಷ್ ಅಕ್ಷರ ಸಣ್ಣದಾದರೂ ಗುರುತು ಸಿಗುತ್ತದೆ. ನಮ್ಮ "ರಾಷ್ಟ್ರ", "ಸ್ತ್ರೀ", "ಸ್ವಾತಂತ್ರ್ಯ" ಹಾಗಲ್ಲ. ಒತ್ತಕ್ಷರದ ಹೊಟ್ಟೆ ತುಂಬಿಕೊಂಡರೆ ಓದಲಿಕ್ಕೇ ಆಗುವುದಿಲ್ಲ. 27 ಇಂಚಿನಲ್ಲಿ 1440 ಅಂದರೆ ಇಂಚಿಗೆ ಸುಮಾರು 109 ಪಿಕ್ಸೆಲ್. 4ಕೆ ಅಂದರೆ ಸುಮಾರು 163. ಪುಸ್ತಕದ ಒಳಪುಟ ಮಾಡುವವರು, ದಿನವಿಡೀ 9 ಪಾಯಿಂಟ್ ಕನ್ನಡ ನೋಡುವವರು ಸಾಧ್ಯವಾದರೆ 4ಕೆಯನ್ನೇ ತೆಗೆದುಕೊಳ್ಳಿ. ಡೆಲ್ ಅಲ್ಟ್ರಾಶಾರ್ಪ್ ಯು2723ಕ್ಯೂಇ ನೋಡಿದೆ, ಅಕ್ಷರ ಕಾಗದದ ಮೇಲೆ ಬರೆದ ಹಾಗಿತ್ತು. ಒಂದೇ ಯುಎಸ್‌ಬಿ-ಸಿ ಕೇಬಲ್ಲಿನಲ್ಲಿ ಲ್ಯಾಪ್‌ಟಾಪ್ ಚಾರ್ಜೂ ಆಗುತ್ತದೆ. ಆದರೆ ನನ್ನ ಬಜೆಟ್ 35 ಸಾವಿರ. ಅದೂ ಅಲ್ಲದೆ ನನ್ನ ಹಳೆಯ ಕಂಪ್ಯೂಟರಿನ ಎಚ್‌ಡಿಎಂಐ ಪೋರ್ಟ್ (ಮಾನಿಟರ್ ಕೇಬಲ್ ಸಿಕ್ಕಿಸುವ ಜಾಗ) ಹಳೆಯ 1.4ರದು. ಅದರಲ್ಲಿ 4ಕೆ ಹಾಕಿದರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಾಗುತ್ತದೆ, ಮೌಸ್ ಎಳೆದರೆ ತಡವರಿಸುತ್ತದೆ. ಮಾನಿಟರ್ ಕೊಳ್ಳುವ ಮುಂಚೆ ಕಂಪ್ಯೂಟರಿನ ಹಿಂದೆ ಬಗ್ಗಿ ಯಾವ ಪೋರ್ಟ್ ಇದೆ ನೋಡಿ. ನಾನು ಟಾರ್ಚ್ ಹಿಡಿದು ನೋಡಿದೆ.

ಆನ್‌ಲೈನ್‌ನಲ್ಲಿ ತರಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಒಂದು ಸಲ ಪೆಟ್ಟು ತಿಂದ ಕಣ್ಣು ತಾನೇ ನೋಡಬೇಕು ಅನ್ನುತ್ತಿತ್ತು. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದೆ. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಚಿಕ್ಕಪೇಟೆ ಒಂದೇ ಸ್ಟಾಪ್. ಅಲ್ಲಿಂದ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ನಡೆದುಕೊಂಡೇ ಹೋಗಬಹುದು.

ಮೊದಲ ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿ ತೋರಿಸುವುದಿಲ್ಲ ಅಂದರು. ಎರಡನೆಯದರಲ್ಲೂ ಅದೇ ಮಾತು. ಮೂರನೆಯದರಲ್ಲಿ ಒಂದು ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು, "ಯಾವ ಕೆಲಸಕ್ಕೆ ಅಕ್ಕಾ?" ಅಂತ ಕೇಳಿದ. ಆ ಪ್ರಶ್ನೆ ಕೇಳಿದ್ದು ಅವನೊಬ್ಬನೇ. ಡಬ್ಬಿ ತೋರಿಸಿ ಕಥೆ ಹೇಳಿದೆ. ಡೆಮೊಗೆ ಇಟ್ಟಿದ್ದ ನಾಲ್ಕು ಮಾನಿಟರ್ ಮುಂದೆ ಕೂರಿಸಿದ.

ಅಂಗಡಿಯಲ್ಲಿ ಎಲ್ಲ ಸ್ಕ್ರೀನೂ ಹೊಳೆಯುತ್ತಿರುತ್ತವೆ. ಬ್ರೈಟ್‌ನೆಸ್ ನೂರಕ್ಕೆ ನೂರು, ಬಣ್ಣ ಎಲ್ಲ ಜಾಸ್ತಿ ಮಾಡಿಟ್ಟ ಮೋಡ್, ಮೇಲೆ ಸಾಲಾಗಿ ಲೈಟುಗಳು. ಹಾಗೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪ್ರತಿಯೊಂದನ್ನೂ ಎಸ್‌ಆರ್‌ಜಿಬಿ ಮೋಡ್‌ಗೆ ಹಾಕಿಸಿದೆ, ಬ್ರೈಟ್‌ನೆಸ್ ಇಳಿಸಿದೆ. ಪೆನ್‌ಡ್ರೈವ್‌ನಲ್ಲಿ ಐದು ಪುಟದ ಪಿಡಿಎಫ್ ಇತ್ತು. ಒಂದರಲ್ಲಿ ಕಪ್ಪಿನಿಂದ ಬಿಳಿಯವರೆಗಿನ ಬೂದು ಪಟ್ಟಿ. ಮಧ್ಯದಲ್ಲಿ ಎಲ್ಲಾದರೂ ಗುಲಾಬಿಯೋ ಹಸಿರೋ ಇಣುಕಿದರೆ ಆ ಮಾನಿಟರ್ ಬೇಡ. ಎರಡನೆಯದು ಗಂಧದಿಂದ ಬಿಳಿಗೆ ಇಳಿಯುವ ಗ್ರೇಡಿಯಂಟ್. ಅಗ್ಗದ ಪ್ಯಾನೆಲ್‌ನಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಮೂರನೆಯದು ಇಡೀ ಪುಟ ಬರೀ ತಿಳಿ ಬೂದು, ಮೂಲೆ ಮೂಲೆಗೆ ಬೆಳಕು ಒಂದೇ ಸಮ ಇದೆಯಾ ನೋಡಲು. ನಾಲ್ಕನೆಯದು 8 ಪಾಯಿಂಟ್ ಕನ್ನಡ. ಐದನೆಯದು ಅದೇ ಕಾರ್ಟನ್, ಮಜೆಂಟಾ 36 ಇರುವ ಹಳೆಯ ಫೈಲ್.

ಆ ಐದನೆಯ ಪುಟವೇ ನಿಜವಾದ ಪರೀಕ್ಷೆ. ಅಚ್ಚಾದ ಡಬ್ಬಿ ಕೈಯಲ್ಲಿದೆ, ಅದರ ಫೈಲ್ ಸ್ಕ್ರೀನ್ ಮೇಲಿದೆ. ಸುಳ್ಳು ಹೇಳದ ಮಾನಿಟರ್ ಆದರೆ ಅದು ಇಟ್ಟಿಗೆ ಬಣ್ಣವನ್ನೇ ತೋರಿಸಬೇಕು. ಮೊದಲ ಎರಡು ಮಾನಿಟರ್ ಅದನ್ನು ಚಂದದ ಗಂಧವಾಗಿ ತೋರಿಸಿದವು. ಮೂರನೆಯದು ಏಸುಸ್ ಪ್ರೊಆರ್ಟ್ ಪಿಎ278ಕ್ಯೂವಿ. ಪುಟ ತೆರೆದ ತಕ್ಷಣ ಇಟ್ಟಿಗೆ. ಡಬ್ಬಿಯನ್ನು ಸ್ಕ್ರೀನಿನ ಪಕ್ಕ ಹಿಡಿದೆ. ಕೂದಲೆಳೆಯಷ್ಟು ವ್ಯತ್ಯಾಸ ಇತ್ತು, ಆದರೆ ಅದೇ ಬಣ್ಣ, ಅದೇ ತಪ್ಪು. ಆ ಹುಡುಗನೂ ಬಗ್ಗಿ ನೋಡಿ, "ಹೌದಲ್ವಾ ಅಕ್ಕಾ, ಇದು ನಿಮ್ಮ ಡಬ್ಬಿ ಥರನೇ ಇದೆ" ಅಂದ. ಈ ಸ್ಕ್ರೀನ್ ಹೋದ ವರ್ಷ ನನ್ನ ಮೇಜಿನ ಮೇಲೆ ಇದ್ದಿದ್ದರೆ ಮಜೆಂಟಾ 28 ದಾಟುತ್ತಿರಲಿಲ್ಲ.

ಅದನ್ನೇ ತಂದೆ. 27 ಇಂಚು, 2560 x 1440, ಐಪಿಎಸ್, ಎಸ್‌ಆರ್‌ಜಿಬಿ ಶೇ 100. ಸ್ಟ್ಯಾಂಡ್ ಮೇಲೆ ಕೆಳಗೆ ಹೋಗುತ್ತದೆ, ಇಡೀ ಸ್ಕ್ರೀನನ್ನು ಉದ್ದಕ್ಕೂ ತಿರುಗಿಸಬಹುದು. ಮುಖಪುಟ ಮಾಡುವಾಗ ಹಾಗೆ ತಿರುಗಿಸಿಕೊಳ್ಳುತ್ತೇನೆ. ಪೆಟ್ಟಿಗೆ ಬಿಚ್ಚಿದ ದಿನವೇ ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು, ಹೀಗೆ ಒಂದೊಂದೇ ಬಣ್ಣವನ್ನು ಸ್ಕ್ರೀನ್ ತುಂಬ ಹಾಕಿ ಸತ್ತ ಪಿಕ್ಸೆಲ್ ಇದೆಯಾ ಹುಡುಕಿದೆ. ಇರಲಿಲ್ಲ. ಕತ್ತಲಲ್ಲಿ ಕಪ್ಪು ಪುಟ ಹಾಕಿದರೆ ಕೆಳಗಿನ ಎಡ ಮೂಲೆಯಲ್ಲಿ ಸ್ವಲ್ಪ ಹೊಳಪು ಕಾಣುತ್ತದೆ. ಐಪಿಎಸ್‌ನಲ್ಲಿ ಅದು ಸಾಮಾನ್ಯ. ನನ್ನ ಕೆಲಸಕ್ಕೆ ತೊಂದರೆ ಇಲ್ಲ.

ಫ್ಯಾಕ್ಟರಿ ರಿಪೋರ್ಟ್ ಇದ್ದರೂ ಒಂದು ಸಲ ಕ್ಯಾಲಿಬ್ರೇಟ್ ಮಾಡಲೇಬೇಕು, ಅಂದರೆ ಬಣ್ಣ ಅಳೆದು ಸರಿಮಾಡಲೇಬೇಕು ಅನಿಸಿತು. ಅದಕ್ಕೆ ಬೇಕಾದ ಯಂತ್ರ ಕೊಳ್ಳುವಷ್ಟು ದುಡ್ಡು ಉಳಿದಿರಲಿಲ್ಲ. ಮದುವೆ ಫೋಟೋ ತೆಗೆಯುವ ಗೆಳತಿಯೊಬ್ಬಳ ಹತ್ತಿರ ಇತ್ತು, ಒಂದು ಭಾನುವಾರಕ್ಕೆ ಕೇಳಿ ತಂದೆ. ನಿಮ್ಮ ಊರಿನ ಫೋಟೋಗ್ರಾಫರ್‌ಗಳನ್ನು ಕೇಳಿ ನೋಡಿ, ಯಾರ ಹತ್ತಿರವಾದರೂ ಇರುತ್ತದೆ. ಮಾನಿಟರ್ ಹಾಕಿ ಅರ್ಧ ಗಂಟೆ ಬಿಡಬೇಕು, ಬೆಳಕು ಒಂದು ಹದಕ್ಕೆ ಬರಲು. ಆಮೇಲೆ ಆ ಪುಟ್ಟ ಯಂತ್ರವನ್ನು ಸ್ಕ್ರೀನಿನ ಮೇಲಿಂದ ಇಳಿಬಿಡಬೇಕು. ಅದರ ವೈರಿಗೆ ಒಂದು ಭಾರ ಇರುತ್ತದೆ, ಅದು ಹಿಂದೆ ತೂಗುತ್ತದೆ. ಸ್ಕ್ರೀನನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದರೆ ಯಂತ್ರ ಗಾಜಿಗೆ ಅಂಟಿದಂತೆ ಕೂರುತ್ತದೆ. ಕೆಳಗೆ ಒಂದಾದ ಮೇಲೊಂದು ಬಣ್ಣ ಬಂದು ಹೋಗುತ್ತಿರುತ್ತದೆ. ಅಮ್ಮ ಬಾಗಿಲಲ್ಲಿ ನಿಂತು ಪೂರ್ತಿ ನೋಡಿದರು. ಡಿಸ್‌ಪ್ಲೇಕ್ಯಾಲ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿದೆ. ಬಿಳಿಯ ಛಾಯೆ 6500 ಕೆಲ್ವಿನ್ (ಸಂಖ್ಯೆ ಹೆಚ್ಚಾದಷ್ಟೂ ನೀಲಿ ಕಡೆಗೆ), ಕಪ್ಪಿನಿಂದ ಬಿಳಿಗೆ ಬೆಳಕು ಏರುವ ರೀತಿಯ ಅಳತೆಯಾದ ಗಾಮಾ 2.2, ಬೆಳಕು 120 ಇಟ್ಟೆ. ಆಮೇಲೆ ಪಕ್ಕದಲ್ಲಿ ಖಾಲಿ ಆರ್ಟ್ ಪೇಪರ್ ಹಿಡಿದು ನೋಡಿದರೆ ಸ್ಕ್ರೀನಿನ ಬಿಳಿ ಕಾಗದಕ್ಕಿಂತ ಜಾಸ್ತಿ ಹೊಳೆಯುತ್ತಿತ್ತು. 100ಕ್ಕೆ ಇಳಿಸಿ ಮತ್ತೊಮ್ಮೆ ಮಾಡಿದೆ. ಎರಡು ದಿನ ಮಂಕು ಅನಿಸಿತು, ಆಮೇಲೆ ಕಣ್ಣು ಒಗ್ಗಿತು. ಸಂಜೆ ಹೊತ್ತು ಬರುತ್ತಿದ್ದ ಕಣ್ಣುರಿ ಕೂಡ ಕಡಿಮೆ ಆಗಿದೆ.

ಇಷ್ಟಾದರೂ ಒಂದು ಸಮಸ್ಯೆ ಉಳಿದಿತ್ತು. ಬೆಳಗ್ಗೆ ಸ್ಕ್ರೀನಿಗೆ ಹೊಂದುತ್ತಿದ್ದ ಡಬ್ಬಿ ರಾತ್ರಿ ಹೊಂದುತ್ತಿರಲಿಲ್ಲ. ತಪ್ಪು ರೂಮಿನದು. ನನ್ನ ರೂಮಿನ ಗೋಡೆ ಪಿಸ್ತಾ ಹಸಿರು, ಮೇಲೆ ನೀಲಿ ಬಿಳಿ ಟ್ಯೂಬ್. ಕಾಗದಕ್ಕೆ ತನ್ನದೇ ಬೆಳಕಿಲ್ಲ, ಅದರ ಮೇಲೆ ಏನು ಬೀಳುತ್ತದೋ ಅದನ್ನೇ ಅದು ವಾಪಸ್ ಕೊಡುತ್ತದೆ. ಅಚ್ಚಿನವರು ಶೀಟ್ ನೋಡಲು 5000 ಕೆಲ್ವಿನ್ ಬೆಳಕನ್ನು ಪ್ರಮಾಣ ಅಂತ ಇಟ್ಟುಕೊಂಡಿರುವುದು ಅದಕ್ಕೇ. ಮೇಜಿಗೆ ಅದೇ ಅಳತೆಯ, ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ) 90ಕ್ಕಿಂತ ಜಾಸ್ತಿ ಇರುವ ಒಂದು ಎಲ್‌ಇಡಿ ಬಲ್ಬ್ ಹಾಕಿದೆ. ಮಾನಿಟರಿನ ಹಿಂದಿನ ಗೋಡೆಗೆ ಮಾತ್ರ ತಿಳಿ ಬೂದು ಬಣ್ಣ ಬಳಿಸಿದೆ. ಮಾನಿಟರಿಗೆ ಕೊಟ್ಟ ದುಡ್ಡಿನ ಮುಂದೆ ಈ ಖರ್ಚು ಏನೂ ಅಲ್ಲ, ಆದರೆ ಇದನ್ನು ಮಾಡದಿದ್ದರೆ ಆ ದುಡ್ಡಿನಲ್ಲಿ ಅರ್ಧ ದಂಡವಾಗುತ್ತಿತ್ತು.

ಈ ವರ್ಷ ಅದೇ ಮಾಲೀಕರು ಅದೇ ಕಾರ್ಟನ್ನನ್ನು ಮತ್ತೆ ನನಗೇ ಕೊಟ್ಟರು. ಅದಕ್ಕೆ ನಾನು ಅವರಿಗೆ ಋಣಿ. ಈ ಸಲ ಮೊದಲೇ ಪ್ರೆಸ್‌ಗೆ ಹೋಗಿ ಅವರು ಬಳಸುವ ಸಿಎಂವೈಕೆ ಪ್ರೊಫೈಲ್, ಅಂದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಇಂಕುಗಳ ಪ್ರೊಫೈಲ್ ಕೇಳಿಕೊಂಡೆ. ಫೋಟೋಶಾಪ್‌ನಲ್ಲಿ ಅದನ್ನು ಹಾಕಿ, ಕಂಟ್ರೋಲ್ ವೈ ಒತ್ತಿ, ಅಚ್ಚಾದರೆ ಹೇಗೆ ಕಾಣುತ್ತದೆ ಅಂತ ನೋಡುತ್ತಲೇ ಕೆಲಸ ಮಾಡಿದೆ. ಅಮ್ಮ ಸವರಿಕೊಟ್ಟ ಕಾಗದ ಪಕ್ಕದಲ್ಲೇ ಇತ್ತು. ಮಜೆಂಟಾ 20ಕ್ಕೆ ನಿಂತಿತು. ಮ್ಯಾಟ್ ಲ್ಯಾಮಿನೇಷನ್ ಆದ ಮೇಲೆ ಬಣ್ಣ ಇನ್ನೊಂದು ಚೂರು ಮಬ್ಬಾಗುತ್ತದೆ, ಅದಕ್ಕೂ ಜಾಗ ಬಿಟ್ಟೆ. ಡಬ್ಬಿ ಬಂದಾಗ ಮಾಲೀಕರು ಮತ್ತೆ ಕಿಟಕಿ ಹತ್ತಿರ ಹೋದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಏನೂ ಹೇಳಲಿಲ್ಲ, ಡಬ್ಬಿಯನ್ನು ತಮ್ಮ ಮೇಜಿನ ಮೇಲಿದ್ದ ದೇವರ ಪಟದ ಪಕ್ಕ ಇಟ್ಟು ಮುಂದಿನ ಕೆಲಸದ ಮಾತಿಗೆ ಬಂದರು.

ಮುಂದಿನದು ಗುಲಾಬಿ ಬತ್ತಿಯ ಕಾರ್ಟನ್. ಅವರ ಮಗ ಮೊಬೈಲ್‌ನಲ್ಲಿ ತೋರಿಸಿದ ಗುಲಾಬಿ ಬಣ್ಣ ಹೊಸ ಮಾನಿಟರ್ ಮೇಲೂ ಅಷ್ಟೇ ಚಂದ ಕಾಣುತ್ತದೆ. ಅಚ್ಚಿಗೆ ಬರದ ಬಣ್ಣ ಯಾವುದು ಅಂತ ಫೋಟೋಶಾಪ್‌ಗೆ ಕೇಳಿದರೆ ಇಡೀ ಹೂವು ಬೂದು ಬಣ್ಣಕ್ಕೆ ತಿರುಗುತ್ತದೆ. ನಾಲ್ಕು ಇಂಕಿನಲ್ಲಿ ಆ ಗುಲಾಬಿ ಹುಟ್ಟುವುದಿಲ್ಲ. ಐದನೆಯ ಇಂಕು ಹಾಕಿಸಬೇಕು, ಅದಕ್ಕೆ ಒಂದು ಪ್ಲೇಟ್ ಜಾಸ್ತಿ, ಖರ್ಚೂ ಜಾಸ್ತಿ. ಇಲ್ಲವಾದರೆ ಸ್ವಲ್ಪ ತಣ್ಣಗಿನ ಗುಲಾಬಿಗೆ ಒಪ್ಪಿಕೊಳ್ಳಬೇಕು. ಎರಡನ್ನೂ ಪ್ರೂಫ್ ತೆಗೆಸಿ ಸೋಮವಾರ ಅವರ ಮುಂದೆ ಇಡುತ್ತೇನೆ.